ಗೆಜ್ಜೆ ಕಟ್ಟಿದ ಐದು ತಾಲ್ಲೂಕುಗಳು

ಹೊಸಪೇಟೆಯಿಂದ ಹರಿಹರದ ಕಡೆಗೆ ಹೊರಡುವ ರೈಲುಗಾಡಿಯು ತುಂಗಭದ್ರಾ ಜಲಾಶಯದ ವಿಶಾಲವಾದ ಜಲರಾಶಿಯನ್ನು ಬಲಕ್ಕೆ ಬಿಟ್ಟು, ಗುಡ್ಡಗಳ ನಡುವೆ ದಾರಿಮಾಡಿಕೊಂಡು ದಕ್ಷಿಣಕ್ಕೆ ಸಾಗುತ್ತದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕೊಟ್ಟೂರಿಗೆ ಬಂದು ನಿಂತುಬಿಟ್ಟಿದ್ದ ಈ ಹಾದಿಯಲ್ಲಿ ಹರಿಹರದವರೆಗೆ ಪ್ರಯಾಣಿಕರ ಗಾಡಿ ಓಡಲು ನೂರು ವರ್ಷಕ್ಕೂ ಹೆಚ್ಚು ಕಾಲ ಬೇಕಾಯಿತು. ಆ ಭಾಗ್ಯ ಒದಗಿದ್ದು ೨೦೧೯ರಲ್ಲಿ. ಕಿಟಕಿಯ ಹೊರಗೆ ಕೆಂಪು ಮಣ್ಣು, ಕಪ್ಪು ಮಣ್ಣು ಒಂದಾದಮೇಲೊಂದು ಹಾಯ್ದುಹೋಗುತ್ತವೆ. ಜೋಳ, ಶೇಂಗಾ, ಮೆಕ್ಕೆಜೋಳಗಳ ಹೊಲಗಳು. ಮಳೆರಾಯನ ಮುಖ ನೋಡುತ್ತ ಕುಳಿತ ಹಳ್ಳಿಗಳು.

ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಕೊಟ್ಟೂರು, ಕೂಡ್ಲಿಗಿ, ಹರಪನಹಳ್ಳಿ ಎಂಬ ಐದು ತಾಲ್ಲೂಕುಗಳ ಸೀಮೆಯಿದು. ಆಡಳಿತದ ನಕ್ಷೆಯಲ್ಲಿ ಇದು ಕಂಡಷ್ಟು ಬದಲಾವಣೆಯನ್ನು ಕನ್ನಡನಾಡಿನ ಇತರ ಭಾಗಗಳು ಕಂಡಿರುವುದು ವಿರಳ. ೧೯೫೩ರ ಅಕ್ಟೋಬರ್ ೧ರವರೆಗೆ ಈ ನೆಲ ಮದರಾಸು ಪ್ರಾಂತಕ್ಕೆ ಸೇರಿತ್ತು. ಆ ದಿನ ಬಳ್ಳಾರಿ ಜಿಲ್ಲೆಯ ಕನ್ನಡ ತಾಲ್ಲೂಕುಗಳೊಡನೆ ಮೈಸೂರು ರಾಜ್ಯಕ್ಕೆ ಬಂದಿತು. ೧೯೯೭ರಲ್ಲಿ ಹರಪನಹಳ್ಳಿ ಹೊಸ ದಾವಣಗೆರೆ ಜಿಲ್ಲೆಯ ಪಾಲಾಗಿ, ೨೦೧೮ರಲ್ಲಿ ಮತ್ತೆ ಬಳ್ಳಾರಿಗೆ ಮರಳಿತು. ಕೂಡ್ಲಿಗಿಯ ಮಡಿಲಿನಿಂದ ಎದ್ದು ಕೊಟ್ಟೂರು ತಾನೇ ಒಂದು ತಾಲ್ಲೂಕಾಯಿತು. ೨೦೨೧ರಲ್ಲಿ ಹೊಸಪೇಟೆಯೊಡಗೂಡಿ ಈ ಐದೂ ವಿಜಯನಗರ ಜಿಲ್ಲೆ ಎನಿಸಿಕೊಂಡವು.

ಗಡಿಗಳು ಎಷ್ಟು ಸಲ ಅಳಿಸಿಹೋದರೂ ಇಲ್ಲಿ ಒಂದು ಪದ್ಧತಿ ಮಾತ್ರ ಅಳಿಸಿಲ್ಲ. ಸುಗ್ಗಿ ಮುಗಿದು ಕಣದಲ್ಲಿ ರಾಶಿ ಎದ್ದಿತೆಂದರೆ ಊರ ನಡುವಿನ ಬಯಲಿನಲ್ಲಿ ಹಾರ್ಮೋನಿಯಮ್ಮಿನ ಶ್ರುತಿ ಕೇಳಿಬರುತ್ತದೆ. ದೊಡ್ಡಾಟ, ಪೌರಾಣಿಕ ನಾಟಕ, ಸಾಮಾಜಿಕ ನಾಟಕ, ಗೊರವರ ಕುಣಿತ, ಜೋಗತಿ ನೃತ್ಯ, ಉರುಮೆಯ ಬಡಿತ—ಇವುಗಳಲ್ಲಿ ಒಂದಾದರೂ ಇಲ್ಲದ ಹಳ್ಳಿಯನ್ನು ಹುಡುಕಿ ತೆಗೆಯಬೇಕು. ಇಂಥ ನೆಲದಲ್ಲಿ ಹುಟ್ಟಿದ ಹುಡುಗನೊಬ್ಬನು ಪದವಿ ತರಗತಿಗೆ ಬಂದು, “ಅಪ್ಪಾಜಿ, ನಾನು ನಾಟಕ ಕಲಿಯಲು ಹೋಗುತ್ತೇನೆ” ಎಂದರೆ ಮನೆಯಲ್ಲಿ ಹರ್ಷ ಉಕ್ಕಬೇಕಲ್ಲವೆ? ಉಕ್ಕುವುದಿಲ್ಲ. ಊರ ನಾಟಕದಲ್ಲಿ ತಾನೇ ಭೀಮನಾಗಿ ಗದೆ ತಿರುವಿದ ತಂದೆಯೂ ಕೇಳುವುದು ಒಂದೇ ಪ್ರಶ್ನೆ: “ಅದನ್ನ ಕಲಿತು ಹೊಟ್ಟಿಗೇನು ಮಾಡ್ತೀಯಪ್ಪಾ?”

ಈ ಪ್ರಶ್ನೆಯನ್ನು ಹಗುರವಾಗಿ ಕಾಣುವಂತಿಲ್ಲ. ಮಳೆ ನಂಬಿ ಬದುಕುವ ಮನೆಯಲ್ಲಿ ಮಗನ ವಿದ್ಯೆಯೆಂಬುದು ಒಂದೇ ಒಂದು ಬಾರಿ ಬಿತ್ತಬಹುದಾದ ಬೀಜ. ಉತ್ತರವನ್ನು ಹುಡುಕುವವನು ಈ ಐದು ತಾಲ್ಲೂಕುಗಳನ್ನು ಒಂದು ಸುತ್ತು ಸುತ್ತಿ ಬರುವುದು ಒಳ್ಳೆಯದು. ಏಕೆಂದರೆ ಉತ್ತರದ ಮುಕ್ಕಾಲು ಪಾಲು ಈ ನೆಲದಲ್ಲಿಯೇ ಇದೆ.

ಹೆಬ್ಬಾಗಿಲಿನ ಊರು

ಐದು ತಾಲ್ಲೂಕುಗಳನ್ನು ಹೊಗುವ ಮುನ್ನ, ಹೊಸಪೇಟೆಯ ದಾರಿಯಲ್ಲಿ ಮರಿಯಮ್ಮನಹಳ್ಳಿ ಎದುರಾಗುತ್ತದೆ. ನೋಡಲು ಸಾಮಾನ್ಯವಾದ ಊರು. ಆದರೆ ಉತ್ತರ ಕರ್ನಾಟಕದ ನಾಟಕಪ್ರಿಯರಿಗೆ ಈ ಹೆಸರು ಪರಿಚಿತ. ಇಲ್ಲಿನ ನಟಿಯರು ದ್ರೌಪದಿಯಾಗಿ, ಕುಂತಿಯಾಗಿ, ಸಾಮಾಜಿಕ ನಾಟಕದ ಅತ್ತಿಗೆಯಾಗಿ ಎಷ್ಟೋ ಹಳ್ಳಿಗಳ ರಂಗವನ್ನು ಏರಿ ಇಳಿದಿದ್ದಾರೆ.

ಮಾತಾ ಬಿ. ಮಂಜಮ್ಮ ಜೋಗತಿಯವರು ನೆಲೆನಿಂತದ್ದೂ ಇದೇ ಊರಿನಲ್ಲಿ. ಕಂಪ್ಲಿಯ ಸಮೀಪದ ಕಲ್ಲುಕಂಬದಲ್ಲಿ ಜನಿಸಿ, ಗಂಡೆಂದು ಬೆಳೆದು, ಹೆಣ್ಣೆಂದು ತಮ್ಮನ್ನು ಕಂಡುಕೊಂಡು, ಮನೆಯಿಂದ ದೂರವಾಗಿ, ಭಿಕ್ಷೆಯಿಂದ ಜೀವಿಸಿದ ದಿನಗಳು ಅವರವು. ಕಾಳವ್ವ ಜೋಗತಿಯವರಲ್ಲಿ ಜೋಗತಿ ನೃತ್ಯವನ್ನು ಕಲಿತರು. ತಲೆಯ ಮೇಲಿನ ಕೊಡ ಜಾರದಂತೆ ಕುಣಿಯುವ, ಯಲ್ಲಮ್ಮನ ಕಥೆಯನ್ನು ಆಡಿ ತೋರಿಸುವ ಆ ವಿದ್ಯೆಯೇ ಅವರಿಗೆ ಅನ್ನವಾಯಿತು. ಗುರುವಿನ ತರುವಾಯ ತಂಡದ ಹೊಣೆಯೂ ಅವರ ಹೆಗಲಿಗೆ ಬಂದಿತು. ೨೦೧೯ರಲ್ಲಿ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು; ೨೦೨೧ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಿತು. ಈ ಉನ್ನತಿ ಎಲ್ಲರಿಗೂ ಒದಗುವಂಥದಲ್ಲ. ಪ್ರಶಸ್ತಿಯನ್ನು ಲೆಕ್ಕಕ್ಕಿಟ್ಟುಕೊಂಡು ಯಾರೂ ಜೀವನವನ್ನು ಯೋಜಿಸಬಾರದು. ಗಮನಿಸಬೇಕಾದುದು ಬೇರೆ. ಯಾವ ಆಸ್ತಿಯೂ ಇಲ್ಲದ ಒಬ್ಬರಿಗೆ ಪೂರ್ಣವಾಗಿ ಕಲಿತ ಒಂದು ವಿದ್ಯೆಯು ಮೊದಲು ಊಟವನ್ನೂ ಆಮೇಲೆ ಮರ್ಯಾದೆಯನ್ನೂ ತಂದುಕೊಟ್ಟಿತು.

ಹಣ ಕೊಡುವ ದುರ್ಯೋಧನ

ಮುಂದಿನದು ಹಗರಿಬೊಮ್ಮನಹಳ್ಳಿ. ಹಗರಿಯ ಹೆಸರನ್ನು ತನ್ನ ಹೆಸರಿನ ಮುಂದೆ ಧರಿಸಿದ ಈ ಊರು ವ್ಯಾಪಾರದ ಗದ್ದಲದಿಂದ ತುಂಬಿರುತ್ತದೆ. ತಾಲ್ಲೂಕಿನ ಅಂಕಸಮುದ್ರದ ಕೆರೆ ಹಕ್ಕಿಗಳ ಧಾಮ. ಮುಳುಗಿನಿಂತ ಜಾಲಿಯ ಮರಗಳ ಮೇಲೆ ಸಾವಿರಾರು ಹಕ್ಕಿಗಳು ಕಾಲ ತಪ್ಪದೆ ಬಂದು ಗೂಡು ಕಟ್ಟಿ, ಕಾಲ ಮುಗಿದೊಡನೆ ಹಾರಿಹೋಗುತ್ತವೆ. ೨೦೨೪ರಲ್ಲಿ ಈ ಕೆರೆಗೆ ರಾಮ್ಸಾರ್ ತಾಣವೆಂಬ ಅಂತರರಾಷ್ಟ್ರೀಯ ಮನ್ನಣೆ ದೊರೆಯಿತು.

ಈ ಸೀಮೆಯ ಕಲಾವಿದರ ಬದುಕೂ ಈ ಹಕ್ಕಿಗಳ ಬದುಕಿನಂತೆಯೇ ಋತುವಿಗೆ ಕಟ್ಟುಬಿದ್ದದ್ದು. ಸುಗ್ಗಿಯಿಂದ ಮುಂಗಾರಿನವರೆಗೆ ಜಾತ್ರೆಗಳು, ನಾಟಕಗಳು, ಬಿಡುವಿಲ್ಲದ ರಾತ್ರಿಗಳು. ಮೊದಲ ಮಳೆ ಬಿದ್ದು ಊರಿನವರು ಕೂರಿಗೆ ಹಿಡಿದರೆಂದರೆ ಹಾರ್ಮೋನಿಯಮ್ಮಿಗೆ ಬಟ್ಟೆ ಹೊದಿಸಿಡಬೇಕು.

ಹಳ್ಳಿಯ ನಾಟಕದ ಹಣಕಾಸಿನ ಕ್ರಮವನ್ನು ಪಟ್ಟಣದ ವಾಚಕರು ತಿಳಿದಿರಲಾರರು. ಊರಿನ ಹತ್ತು ಹದಿನೈದು ಮಂದಿ ತರುಣರು ಕೂಡಿ ಒಂದು ನಾಟ್ಯಸಂಘದ ಹೆಸರು ಇಟ್ಟುಕೊಳ್ಳುತ್ತಾರೆ. ಕಂದಗಲ್ ಹನುಮಂತರಾಯರ ‘ರಕ್ತರಾತ್ರಿ’ಯೋ, ಇನ್ನಾವುದೋ ಸಾಮಾಜಿಕ ನಾಟಕವೋ ನಿಶ್ಚಯವಾಗುತ್ತದೆ. ಬೇರೆ ಊರಿನಿಂದ ಒಬ್ಬ ಮಾಸ್ತರರನ್ನು ಕರೆತರುತ್ತಾರೆ. ಅವರು ಹಾರ್ಮೋನಿಯಂ ನುಡಿಸಬಲ್ಲರು, ಹಾಡು ಕಲಿಸಬಲ್ಲರು, ಮಾತು ತಿದ್ದಬಲ್ಲರು. ತಿಂಗಳುಗಟ್ಟಲೆ ರಾತ್ರಿ ತಾಲೀಮು ನಡೆಯುತ್ತದೆ. ನಾಟಕದ ದಿನ ಹತ್ತಿರ ಬಂದಾಗ ಸ್ತ್ರೀಪಾತ್ರಗಳಿಗೆ ನಟಿಯರು ಬರುತ್ತಾರೆ; ಬಾಡಿಗೆಗೆ ರಂಗಸಜ್ಜಿಕೆ, ಪರದೆ, ದೀಪ, ಉಡುಪು, ತಬಲೆಯವರು, ಬಣ್ಣ ಹಚ್ಚುವವರು ಬರುತ್ತಾರೆ.

ಈ ಖರ್ಚನ್ನು ಹೊರುವವರು ಯಾರು? ಊರ ಹಿರಿಯರ ಕಾಣಿಕೆ ಒಂದಿಷ್ಟು. ಉಳಿದುದನ್ನು ಪಾತ್ರಧಾರಿಗಳೇ ಹಂಚಿಕೊಳ್ಳುತ್ತಾರೆ. ಪಾತ್ರ ದೊಡ್ಡದಾದಷ್ಟೂ ಕೈಯಿಂದ ಹಾಕುವ ಹಣವೂ ದೊಡ್ಡದು. ಕಿರೀಟ ಧರಿಸಿ ಊರೇ ನಡುಗುವಂತೆ ಗರ್ಜಿಸುವ ದುರ್ಯೋಧನನು ಆ ಗರ್ಜನೆಗಾಗಿ ತನ್ನ ಶೇಂಗಾ ಮಾರಿದ ಹಣವನ್ನು ತೆತ್ತಿರುತ್ತಾನೆ. ಅವನೆದುರು ಮುಡಿ ಬಿಚ್ಚಿ ನಿಂತ ದ್ರೌಪದಿಗೆ ಮಾತ್ರ ಆ ರಾತ್ರಿ ಸಂಭಾವನೆ ಸಲ್ಲುತ್ತದೆ. ಹಾರ್ಮೋನಿಯಂ ಮಾಸ್ತರರಿಗೆ ಸಲ್ಲುತ್ತದೆ. ಪರದೆ ಕಟ್ಟಿದವನಿಗೂ ಬಣ್ಣ ಹಚ್ಚಿದವನಿಗೂ ಸಲ್ಲುತ್ತದೆ.

ತಂದೆಯ ಪ್ರಶ್ನೆಗೆ ಉತ್ತರದ ಮೊದಲ ಸುಳಿವು ಇಲ್ಲಿಯೇ ದೊರೆಯುತ್ತದೆ. ರಂಗದ ಮೇಲೆ ನಿಲ್ಲಬೇಕೆಂಬ ಆಸೆ ಸಾವಿರ ಜನಕ್ಕಿರುತ್ತದೆ. ಆದಕಾರಣ ಅದಕ್ಕೆ ಅವರೇ ಹಣ ಕೊಡುತ್ತಾರೆ. ಇತರರು ಮಾಡಲಾರದ್ದನ್ನು ಮಾಡಬಲ್ಲವರಿಗೆ ಹಣ ಬರುತ್ತದೆ. ಕಲೆಯನ್ನು ಜೀವನೋಪಾಯವಾಗಿ ಆರಿಸುವ ವಿದ್ಯಾರ್ಥಿಯು ತನ್ನನ್ನು ತಾನು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ತಾನು ಹಣ ಕೊಡುವ ದುರ್ಯೋಧನನೋ, ಸಂಭಾವನೆ ಪಡೆಯುವ ಮಾಸ್ತರನೋ? ಆಸೆಗೂ ವೃತ್ತಿಗೂ ಇರುವ ಅಂತರವನ್ನು ಇದಕ್ಕಿಂತ ಸ್ಪಷ್ಟವಾಗಿ ಯಾವ ಪಾಠಶಾಲೆಯೂ ಕಲಿಸಲಾರದು.

ಮಲ್ಲಿಗೆಯ ಊರಿನ ರಂಗ

ಹಗರಿಬೊಮ್ಮನಹಳ್ಳಿಯಿಂದ ಪಶ್ಚಿಮಕ್ಕೆ ತಿರುಗಿದರೆ ಹೂವಿನಹಡಗಲಿ. ವಿಜಯನಗರದ ಅರಸರಿಗೆ ಇಲ್ಲಿನ ಹೂಗಳನ್ನು ತುಂಗಭದ್ರೆಯ ಮೇಲೆ ಹಡಗಿನಲ್ಲಿ ಸಾಗಿಸುತ್ತಿದ್ದರಾದ್ದರಿಂದ ಊರಿಗೆ ಆ ಹೆಸರು ಬಂದಿತೆಂದು ಜನರ ಹೇಳಿಕೆ. ಹಡಗಲಿಯ ಮಲ್ಲಿಗೆಯ ಪರಿಮಳ ಇಂದಿಗೂ ಕುಗ್ಗಿಲ್ಲ. ಅದಕ್ಕೆ ಭೌಗೋಳಿಕ ಸೂಚಕದ ಮುದ್ರೆಯೂ ದೊರೆತಿದೆ.

ರಾಜ್ಯದ ಉಪಮುಖ್ಯಮಂತ್ರಿಗಳಾಗಿದ್ದ ಎಂ.ಪಿ. ಪ್ರಕಾಶರ (೧೯೪೦–೨೦೧೧) ಕರ್ಮಭೂಮಿ ಇದು. ರಾಜಕಾರಣದ ಗದ್ದಲದ ನಡುವೆಯೂ ನಾಟಕದ ನಂಟನ್ನು ಬಿಡದೆ ಇದ್ದವರು ಅವರು. ಹಡಗಲಿಯ ‘ರಂಗಭಾರತಿ’ ಅವರ ಆಸಕ್ತಿಯ ಫಲ. ಹಂಪಿಯ ಉತ್ಸವಕ್ಕೆ ಚಾಲನೆ ಕೊಟ್ಟವರೆಂದೂ ಅವರನ್ನು ಜನ ನೆನೆಯುತ್ತಾರೆ. ತಾಲ್ಲೂಕು ಕೇಂದ್ರವೊಂದರಲ್ಲಿ ಹವ್ಯಾಸಿ ರಂಗಭೂಮಿ ಬೇರೂರಲು ವೇದಿಕೆ, ಪ್ರೇಕ್ಷಕ, ಪೋಷಕ ಎಂಬ ಮೂರು ಬೇಕೆಂಬುದಕ್ಕೆ ಹಡಗಲಿ ನಿದರ್ಶನ.

ಇದೇ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ವೇಳೆಗೆ ಲಕ್ಷಾಂತರ ಜನ ಸೇರುತ್ತಾರೆ. ಕಪ್ಪು ಕಂಬಳಿಯ ಗೊರವಯ್ಯನು ಉಪವಾಸವ್ರತದಲ್ಲಿದ್ದು, ಎತ್ತರವಾದ ಬಿಲ್ಲನ್ನೇರಿ, ಆ ಅಪಾರ ಜನಸ್ತೋಮವನ್ನು ಒಂದು ಕೂಗಿನಿಂದ ಮೌನಗೊಳಿಸಿ, ಒಂದೇ ವಾಕ್ಯದಲ್ಲಿ ಕಾರಣಿಕ ನುಡಿಯುತ್ತಾನೆ. ಭಕ್ತರಿಗೆ ಅದು ದೈವವಾಣಿ. ರಂಗಭೂಮಿಯ ವಿದ್ಯಾರ್ಥಿಗೆ ಅದರಲ್ಲಿ ಧ್ವನಿ, ಮೌನ, ಕಾಲಗಳ ಪಾಠವೂ ಇದೆ. ನದಿಯ ದಂಡೆಯ ಮೇಲಿನ ಕುರುವತ್ತಿಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಮಲ್ಲಿಕಾರ್ಜುನ ದೇವಾಲಯವಿದೆ. ಅದರ ದ್ವಾರದ ಬಳಿಯ ಮದನಿಕೆಯರು ಒಂಬತ್ತು ಶತಮಾನಗಳಿಂದ ಕಲ್ಲಿನಲ್ಲಿ ನರ್ತಿಸುತ್ತಿದ್ದಾರೆ. ನೃತ್ಯವನ್ನು ದೇವರ ಬಾಗಿಲಿಗೆ ಕೆತ್ತಿಸಿ ಗೌರವಿಸಿದ ಸೀಮೆಯಲ್ಲಿ, ನರ್ತಿಸುವ ಹೆಣ್ಣಿಗೆ ಆ ಗೌರವ ಸಿಕ್ಕಿತೆ ಎಂಬ ಪ್ರಶ್ನೆ ಅವರ ಮುಂದೆ ನಿಂತವನ ಮನಸ್ಸಿಗೆ ಬಾರದಿರದು.

ಹಡಗಲಿಯಿಂದ ನದಿ ದಾಟಿ ಮುಂಡರಗಿಯ ಮೂಲಕ ಹೋದರೆ ಗದಗು. ಅಲ್ಲಿಯ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು (೧೮೯೨–೧೯೪೪), ಅವರ ತರುವಾಯ ಪುಟ್ಟರಾಜ ಗವಾಯಿಗಳು (೧೯೧೪–೨೦೧೦) ಅಂಧರಿಗೂ ಬಡವರಿಗೂ ಅನ್ನವಿಕ್ಕಿ ಸಂಗೀತ ಕಲಿಸಿದರು. ಇಬ್ಬರೂ ಗುರುಗಳು ಸ್ವತಃ ಅಂಧರು. ಆಶ್ರಮದ ನಿರ್ವಾಹಕ್ಕೆ ಆಸರೆಯಾಗಿ ಅವರು ನಾಟಕ ಕಂಪೆನಿಯನ್ನೂ ನಡೆಸಿದರು. ಶಾಲೆಗೆ ನಾಟಕ ಆಧಾರ, ನಾಟಕಕ್ಕೆ ಶಾಲೆಯ ಸಂಗೀತ ಆಧಾರ. ಅಲ್ಲಿ ಕಲಿತ ಎಷ್ಟೋ ಮಂದಿ ಸಂಗೀತ ಶಿಕ್ಷಕರಾಗಿ, ಕೀರ್ತನಕಾರರಾಗಿ, ವಾದ್ಯಗಾರರಾಗಿ ನಾಡಿನ ಮೂಲೆಮೂಲೆಗಳಲ್ಲಿ ಜೀವನ ಕಟ್ಟಿಕೊಂಡರು.

ಕೊಟ್ಟೂರಿನಿಂದ ಹೊರಡುವ ದಾರಿಗಳು

ಮತ್ತೆ ರೈಲಿನ ಹಾದಿಗೆ ಬಂದರೆ ಕೊಟ್ಟೂರು. ಗುರು ಕೊಟ್ಟೂರೇಶ್ವರನ ತೇರು ಎಳೆಯುವ ಕಾಲಕ್ಕೆ ದೂರದ ಊರುಗಳಿಂದ ಪಾದಯಾತ್ರಿಗಳ ಸಾಲು ಇರುವೆಗಳಂತೆ ಹರಿದುಬರುತ್ತದೆ. ಅನತಿದೂರದ ಉಜ್ಜಿನಿ ಪಂಚಪೀಠಗಳಲ್ಲಿ ಒಂದು. ಜಾತ್ರೆಯ ಸಂತೆ, ಮಂಡಕ್ಕಿ ಮಿರ್ಚಿಯ ಅಂಗಡಿಗಳ ಸಾಲು, ರಾತ್ರಿಯ ಆಟಗಳು ಈ ಊರಿನ ಬಾಲಕರ ಮೊದಲ ರಂಗಶಾಲೆ.

ಎರಡನೆಯ ಶಾಲೆಗೆ ಊರು ಬಿಡಬೇಕು. ಚಿತ್ರದುರ್ಗ ಜಿಲ್ಲೆಯ ಸಾಣೇಹಳ್ಳಿಯಲ್ಲಿ ರಂಗಶಿಕ್ಷಣದ ಶಾಲೆಯಿದೆ. ಅಲ್ಲಿಯ ‘ಶಿವಸಂಚಾರ’ ೧೯೯೭ರಿಂದ ಪ್ರತಿ ವರ್ಷ ನಾಟಕಗಳನ್ನು ಹೊತ್ತು ಊರೂರು ತಿರುಗುತ್ತಿದೆ. ಮಲೆನಾಡಿನ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರ ನೀನಾಸಮ್ ೧೯೮೦ರಲ್ಲಿ ರಂಗಶಿಕ್ಷಣ ಕೇಂದ್ರವನ್ನೂ ೧೯೮೫ರಲ್ಲಿ ‘ತಿರುಗಾಟ’ವನ್ನೂ ಆರಂಭಿಸಿತು. ಒಂದು ವರ್ಷದೊಳಗೆ ಮುಗಿಯುವ ಈ ಶಿಕ್ಷಣಕ್ರಮಗಳಲ್ಲಿ ಅಭಿನಯದೊಡನೆ ಬೆಳಕು, ರಂಗವಿನ್ಯಾಸ, ಪ್ರಸಾಧನಗಳ ಪರಿಚಯವೂ ಆಗುತ್ತದೆ. ಅನಂತರ ತಿರುಗಾಟದ ತಂಡಗಳಲ್ಲಿ ಒಂದೆರಡು ವರ್ಷ ಸಂಬಳದ ನಟನಾಗಿ ದುಡಿಯುವ ಅವಕಾಶವೂ ಉಂಟು. ೧೯೮೯ರಲ್ಲಿ ಬಿ.ವಿ. ಕಾರಂತರ ನೇತೃತ್ವದಲ್ಲಿ ಮೈಸೂರಿನಲ್ಲಿ ಆರಂಭವಾದ ರಂಗಾಯಣಕ್ಕೆ ಈಗ ಧಾರವಾಡ, ಶಿವಮೊಗ್ಗ, ಕಲಬುರಗಿಗಳಲ್ಲಿಯೂ ಶಾಖೆಗಳಿವೆ. ವೃತ್ತಿ ರಂಗಭೂಮಿಗೆಂದೇ ದಾವಣಗೆರೆಯಲ್ಲಿ ಒಂದು ರಂಗಾಯಣ ರೂಪುಗೊಂಡಿದೆ. ಮೈಸೂರಿನಲ್ಲಿ ಗಂಗೂಬಾಯಿ ಹಾನಗಲ್ಲರ ಹೆಸರಿನ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯವೂ, ಶಿಗ್ಗಾವಿಯ ಬಳಿ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವೂ ಪದವಿಯ ಬಾಗಿಲನ್ನು ತೆರೆದಿವೆ. ಹೊಸಪೇಟೆಯ ಪಕ್ಕದಲ್ಲಿಯೇ, ೧೯೯೧ರಲ್ಲಿ ಸ್ಥಾಪಿತವಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯವಿದೆ.

ಸಹಾಯಧನವೂ ಇಲ್ಲದಿಲ್ಲ. ಹತ್ತರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಕೇಂದ್ರದ ಸಾಂಸ್ಕೃತಿಕ ಸಂಪನ್ಮೂಲ ಮತ್ತು ತರಬೇತಿ ಸಂಸ್ಥೆಯು ಪ್ರತಿಭಾ ವಿದ್ಯಾರ್ಥಿವೇತನ ಕೊಡುತ್ತದೆ. ಹದಿನೆಂಟರಿಂದ ಇಪ್ಪತ್ತೈದು ವರ್ಷದ ತರುಣ ಕಲಾವಿದರಿಗೆ ಕೇಂದ್ರ ಸಂಸ್ಕೃತಿ ಸಚಿವಾಲಯದ ವಿದ್ಯಾರ್ಥಿವೇತನವು ಎರಡು ವರ್ಷಗಳ ಕಾಲ ತಿಂಗಳಿಗೆ ೫,೦೦೦ ರೂಪಾಯಿ. ಇದು ದೊಡ್ಡ ಮೊತ್ತವಲ್ಲ. ಆದರೆ ಗುರುವಿನ ಊರಿನಲ್ಲಿ ಒಂದು ಕೋಣೆ ಹಿಡಿದು ಕಲಿಯುವವನಿಗೆ ಇದರಿಂದ ಆಗುವ ಉಪಕಾರ ಅಲ್ಪವೂ ಅಲ್ಲ. ಪಟ್ಟಣದ ಮಕ್ಕಳ ತಾಯ್ತಂದೆಗಳು ಇದನ್ನು ಅರಿತಿದ್ದಾರೆ. ಜೋಳದ ಹೊಲದ ನಡುವಿನ ಶಾಲೆಗೆ ಈ ಸುದ್ದಿ ಮುಟ್ಟುವುದೇ ಕಷ್ಟ.

ಕೂಡ್ಲಿಗಿಯ ಕಹಿ ಮತ್ತು ಕೆಚ್ಚು

ಕೊಟ್ಟೂರಿನ ಪೂರ್ವಕ್ಕೆ ಕೂಡ್ಲಿಗಿ. ಮಹಾತ್ಮ ಗಾಂಧಿಯವರ ಚಿತಾಭಸ್ಮವನ್ನು ಇರಿಸಿಕೊಂಡ ಹುತಾತ್ಮರ ಸ್ಮಾರಕ ಈ ಊರಿನ ಹೆಮ್ಮೆ. ತಾಲ್ಲೂಕಿನ ಗುಡೇಕೋಟೆಯ ಬಂಡೆಗಳ ನಡುವೆ ಹಳೆಯ ಕೋಟೆಯೂ ಕರಡಿಗಳ ಧಾಮವೂ ಇವೆ. ಮ್ಯಾಸನಾಯಕರ ಹಟ್ಟಿಗಳಲ್ಲಿ ದೇವರೆತ್ತುಗಳ ಮುಂದೆ ಉರುಮೆಯ ನಾದ ಇಂದಿಗೂ ಮೊಳಗುತ್ತದೆ.

ಕುರುವತ್ತಿಯ ಮದನಿಕೆಯರ ಮುಂದೆ ಎದ್ದ ಪ್ರಶ್ನೆಗೆ ಉತ್ತರ ಈ ಕಡೆ ಸಿಗುತ್ತದೆ, ಉತ್ತರ ಕಹಿಯಾದುದು. ಈ ಸೀಮೆಯಲ್ಲಿ ಹಾಡು ಕುಣಿತಗಳು ಬಹುಕಾಲ ದೇವದಾಸಿ ಪದ್ಧತಿಯೊಡನೆ ಹೆಣೆದುಕೊಂಡಿದ್ದವು. ಮದರಾಸು ಪ್ರಾಂತದಲ್ಲಿ ೧೯೪೭ರಲ್ಲಿಯೂ, ಕರ್ನಾಟಕದಲ್ಲಿ ೧೯೮೨ರಲ್ಲಿಯೂ ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವುದನ್ನು ನಿಷೇಧಿಸುವ ಕಾಯಿದೆಗಳಾದವು. ಬಡತನವೂ ಜಾತಿಯ ತಾರತಮ್ಯವೂ ಪೋಷಿಸಿದ ಪದ್ಧತಿಯು ಕಾಯಿದೆಯೊಂದರಿಂದಲೇ ಹೋಗಲಿಲ್ಲ. ಆ ಸುಳಿಯಿಂದ ಹೊರಬಂದ ಕುಟುಂಬಗಳ ಹೆಣ್ಣುಮಕ್ಕಳಲ್ಲಿ ಕೆಲವರು ರಂಗಭೂಮಿಯನ್ನು ಆಶ್ರಯಿಸಿ, ಗಾಯನ ಅಭಿನಯಗಳಿಂದ ಮಕ್ಕಳನ್ನು ಓದಿಸಿದರು. ಆದರೆ ಸಮಾಜವು ಅವರ ಕಲೆಗೆ ಚಪ್ಪಾಳೆ ತಟ್ಟಿ, ಅವರ ಬಾಳಿನ ಮೇಲೆ ಮಾತ್ರ ಸಂಶಯದ ನೆರಳನ್ನು ಹರಡಿತು. ಮಧ್ಯಮ ವರ್ಗದ ಮನೆಯ ಮಗಳೊಬ್ಬಳು ನಾಟಕ ಕಲಿಯುತ್ತೇನೆಂದಾಗ ತಾಯಿ ಬೆಚ್ಚುವುದು ಈ ನೆರಳಿಗೆ. ಸಂಬಳದ ಚಿಂತೆ ಆಮೇಲಿನದು.

ಬಳ್ಳಾರಿಯ ರಾಘವಾಚಾರ್ಯರು (೧೮೮೦–೧೯೪೬) ಈ ನೆರಳಿನೊಡನೆ ಹೋರಾಡಿದವರಲ್ಲಿ ಅಗ್ರಗಣ್ಯರು. ಗಂಡಸರೇ ಹೆಣ್ಣಿನ ವೇಷ ಹಾಕುತ್ತಿದ್ದ ಕಾಲದಲ್ಲಿ ಸ್ತ್ರೀಪಾತ್ರವನ್ನು ಸ್ತ್ರೀಯರೇ ವಹಿಸಬೇಕೆಂದು ಅವರು ವಾದಿಸಿದರು, ಹಾಗೆಯೇ ಆಡಿಸಿದರು. ಅವರು ವಕೀಲಿ ವೃತ್ತಿಯಲ್ಲಿ ಸಂಪಾದಿಸಿ, ರಂಗಭೂಮಿಯಲ್ಲಿ ಕೀರ್ತಿ ಗಳಿಸಿದರು. ಎರಡು ಕೈಯಲ್ಲಿ ಎರಡು ಕಸುಬು ಹಿಡಿಯುವ ಈ ಮಾರ್ಗ ಇಂದಿನ ವಿದ್ಯಾರ್ಥಿಗೂ ನಾಚಿಕೆಯದಲ್ಲ.

ನೆರೆಯ ಸಂಡೂರು ತಾಲ್ಲೂಕಿನ ದರೋಜಿಯ ಈರಮ್ಮನವರನ್ನೂ ಇಲ್ಲಿ ನೆನೆಯಬೇಕು. ಬುರ್ರಕಥೆಯ ಈ ಗಾಯಕಿ ಅಕ್ಷರ ಕಲಿತವರಲ್ಲ. ಕುಮಾರರಾಮನ ಕಥೆಯೇ ಮೊದಲಾದ ಸಾವಿರಾರು ಸಾಲುಗಳ ಕಾವ್ಯಗಳು ಅವರ ನಾಲಗೆಯ ಮೇಲಿದ್ದವು. ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಅವರಿಗೆ ನಾಡೋಜ ಗೌರವವನ್ನು ಸಲ್ಲಿಸಿತು. ೨೦೧೪ರಲ್ಲಿ ಅವರು ತೀರಿಕೊಂಡಾಗ ಒಂದು ಗ್ರಂಥಭಂಡಾರವೇ ಮುಚ್ಚಿದಂತಾಯಿತು. ಅವರು ಹಾಡಿದ ಕಾವ್ಯಗಳಲ್ಲಿ ಕೆಲವನ್ನು ವಿದ್ವಾಂಸರು ಬರೆದಿಟ್ಟುಕೊಂಡದ್ದರಿಂದ ಅಷ್ಟಾದರೂ ಉಳಿದವು. ಹಾಡುವವರನ್ನು ಹುಡುಕಿ, ಕೇಳಿ, ದಾಖಲಿಸುವುದೂ ಪ್ರದರ್ಶಕ ಕಲೆಯ ವಿದ್ಯಾರ್ಥಿಗೆ ತೆರೆದ ಒಂದು ಕೆಲಸ. ಅಭಿನಯದ ಆಸೆಯಿಂದ ಬಂದ ಬಹುಮಂದಿ ಈ ಕಡೆ ಕಣ್ಣು ಹಾಯಿಸುವುದೇ ಇಲ್ಲ. ಆದ್ದರಿಂದಲೇ ಇಲ್ಲಿ ಸ್ಥಳಾವಕಾಶವಿದೆ.

ಹರಪನಹಳ್ಳಿಯಲ್ಲಿ ಲೆಕ್ಕಾಚಾರ

ಕೊನೆಯದು ಹರಪನಹಳ್ಳಿ. ಪಾಳೆಯಗಾರರ ಈ ಊರಿನ ಆಸುಪಾಸಿನಲ್ಲಿ ಬಾಗಳಿಯ ಕಲ್ಲೇಶ್ವರ, ನೀಲಗುಂದದ ಭೀಮೇಶ್ವರ ದೇವಾಲಯಗಳು ಶಿಲ್ಪಪ್ರಿಯರನ್ನು ಕೈಬೀಸಿ ಕರೆಯುತ್ತವೆ. ಚಿಗಟೇರಿಯಲ್ಲಿ, ಬೇರೆಲ್ಲಿಯೂ ಸುಲಭವಾಗಿ ಕಾಣದ ನಾರದಮುನಿಯ ಗುಡಿಯಿದೆ. ತಂಬೂರಿ ಹಿಡಿದು ಮೂರು ಲೋಕ ತಿರುಗುವ ಮುನಿಗೆ ಒಂದು ಸ್ಥಿರವಾದ ನೆಲೆ ಈ ತಾಲ್ಲೂಕಿನಲ್ಲಿ ದೊರೆತಿದೆಯೆಂದರೆ ಇಲ್ಲಿನ ಗಾಯಕರಿಗೂ ದೊರೆಯಬೇಕಷ್ಟೆ! ಹತ್ತೊಂಬತ್ತನೆಯ ಶತಮಾನದಲ್ಲಿ ಹರಪನಹಳ್ಳಿಯ ಭೀಮವ್ವನವರು ರಚಿಸಿದ ಹರಿದಾಸ ಪರಂಪರೆಯ ಹಾಡುಗಳನ್ನು ಹೆಂಗಳೆಯರು ಇಂದಿಗೂ ಪೂಜೆಯ ಮನೆಗಳಲ್ಲಿ ಹಾಡುತ್ತಾರೆ. ಹಾಡಿಕೆ ಮನೆಯೊಳಗಿದ್ದಷ್ಟು ಕಾಲ ಯಾರೂ ಆಕ್ಷೇಪಿಸುವುದಿಲ್ಲ. ಅದು ಹೊಸ್ತಿಲು ದಾಟಿ ಹೊರಬಂದು ಸಂಭಾವನೆಯನ್ನು ಕೇಳಿದಾಗ ಹುಬ್ಬುಗಳು ಮೇಲೇರುತ್ತವೆ.

ಸಂಭಾವನೆಯನ್ನು ಧೈರ್ಯದಿಂದ ಕೇಳಬಲ್ಲವನಿಗೆ ಇರುವ ಮಾರ್ಗಗಳನ್ನು ಈಗ ಎಣಿಸಬಹುದು. ಮೊದಲನೆಯದು ಅಧ್ಯಾಪನ. ಸಂಗೀತ, ನೃತ್ಯಗಳಲ್ಲಿ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳೂ, ಮೇಲೆ ಪದವಿ, ಸ್ನಾತಕೋತ್ತರ ಪದವಿಗಳೂ ಇವೆ. ಕಾಲೇಜಿನ ಅಧ್ಯಾಪಕನಾಗಲು ಬೇಕಾದ ರಾಷ್ಟ್ರೀಯ ಅರ್ಹತಾ ಪರೀಕ್ಷೆಯಲ್ಲಿ ಸಂಗೀತಕ್ಕೂ ಪ್ರದರ್ಶಕ ಕಲೆಗಳಿಗೂ ಬೇರೆ ಬೇರೆ ವಿಷಯಪತ್ರಿಕೆಗಳಿವೆ. ಸರ್ಕಾರಿ ಶಾಲೆಗಳಲ್ಲಿ ಸಂಗೀತ ಶಿಕ್ಷಕರ, ನಾಟಕ ಶಿಕ್ಷಕರ ಹುದ್ದೆಗಳು ಕಡಮೆಯೆಂಬುದು ನಿಜ. ಅವನ್ನೇ ನಂಬಿ ಕಾಯುತ್ತ ಕೂರುವುದು ತರವಲ್ಲ. ಹುದ್ದೆ ಕರೆದಾಗ ಮಾತ್ರ ಈ ಐದು ತಾಲ್ಲೂಕುಗಳ ಅಭ್ಯರ್ಥಿಗೆ ಒಂದು ಅನುಕೂಲವಿದೆ. ಸಂವಿಧಾನದ ೩೭೧ಜೆ ವಿಧಿಯಂತೆ ಕಲ್ಯಾಣ ಕರ್ನಾಟಕದ ಸ್ಥಳೀಯರಿಗೆ ರಾಜ್ಯದ ಹುದ್ದೆಗಳಲ್ಲಿಯೂ ವಿದ್ಯಾಸಂಸ್ಥೆಗಳಲ್ಲಿಯೂ ಮೀಸಲಾತಿಯುಂಟು. ಹರಪನಹಳ್ಳಿಯವರು ಬಳ್ಳಾರಿಗೆ ಮರಳಬೇಕೆಂದು ಹಟ ಹಿಡಿದದ್ದರ ಹಿಂದೆ ಇದೂ ಒಂದು ಕಾರಣವಾಗಿತ್ತು.

ಎರಡನೆಯದು ಸರ್ಕಾರದ ಮತ್ತು ಆಕಾಶವಾಣಿಯ ವೇದಿಕೆ. ಆಕಾಶವಾಣಿಯು ಧ್ವನಿಪರೀಕ್ಷೆ ನಡೆಸಿ ಕಲಾವಿದರಿಗೆ ಬಿ, ಬಿ ಹೈ, ಎ, ಟಾಪ್ ಎಂಬ ಶ್ರೇಣಿಗಳನ್ನು ಕೊಡುತ್ತದೆ. ಶ್ರೇಣಿ ಪಡೆದವನಿಗೆ ಕಾರ್ಯಕ್ರಮದ ಸಂಭಾವನೆಗಿಂತಲೂ ಮಿಗಿಲಾಗಿ, ಹೊರಗಿನ ಸಭೆಗಳಲ್ಲಿ ತೋರಿಸಬಹುದಾದ ಒಂದು ಗುರುತು ದೊರೆಯುತ್ತದೆ. ಕೇಂದ್ರ ಸರ್ಕಾರ ೧೯೫೪ರಲ್ಲಿ ಆರಂಭಿಸಿದ ಗೀತ ಮತ್ತು ನಾಟಕ ವಿಭಾಗವು ಈಚೆಗೆ ಇತರ ಪ್ರಚಾರ ವಿಭಾಗಗಳೊಡನೆ ಒಂದಾಗಿದ್ದರೂ ನೋಂದಾಯಿತ ತಂಡಗಳಿಂದ ಜನಜಾಗೃತಿಯ ಕಾರ್ಯಕ್ರಮ ಮಾಡಿಸುವ ಪದ್ಧತಿ ಉಳಿದಿದೆ. ಹಂಪಿ ಉತ್ಸವ, ಜಿಲ್ಲಾ ಉತ್ಸವಗಳು, ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಕಾರ್ಯಕ್ರಮಗಳು ಇದಕ್ಕೆ ಸೇರುತ್ತವೆ. ಇವೆಲ್ಲಕ್ಕೂ ಅರ್ಜಿ, ತಂಡದ ನೋಂದಣಿ, ಬ್ಯಾಂಕ್ ಖಾತೆ, ಹಿಂದಿನ ಪ್ರದರ್ಶನಗಳ ದಾಖಲೆ ಬೇಕು. ಆದ್ದರಿಂದ ಪದವೀಧರನೊಬ್ಬನು ತನ್ನ ಹಳ್ಳಿಯ ಹಿರಿಯ ಕಲಾವಿದರ ಜೊತೆಗೂಡಿದರೆ, ಅವರ ವಿದ್ಯೆಗೆ ಇವನ ಲೇಖನಿ, ಇವನ ಲೇಖನಿಗೆ ಅವರ ವಿದ್ಯೆ ಆಸರೆಯಾಗುತ್ತದೆ.

ಮೂರನೆಯದು ತೆರೆಯ ಹಿಂದಿನ ಕೆಲಸ. ಬೆಳಕು, ಧ್ವನಿ, ಪ್ರಸಾಧನ, ಉಡುಪು, ರಂಗಸಜ್ಜಿಕೆ ಬಲ್ಲವರು ನಾಟಕಕ್ಕೂ ಬೇಕು, ಮದುವೆಯ ಮಂಟಪಕ್ಕೂ ಬೇಕು, ದೂರದರ್ಶನದ ಧಾರಾವಾಹಿಗೂ ಚಲನಚಿತ್ರಕ್ಕೂ ಬೇಕು. ನಾಲ್ಕನೆಯದು ಮಕ್ಕಳ ರಂಗಭೂಮಿ: ಬೇಸಗೆಯ ಶಿಬಿರಗಳು, ಶಾಲೆಗಳ ವಾರ್ಷಿಕೋತ್ಸವಗಳು. ಐದನೆಯದು ಹಳೆಯದೇ ಆದ ಮಾಸ್ತರಿಕೆ. ರಂಗಶಾಲೆಯಲ್ಲಿ ಕಲಿತು ಬಂದವರು ಅದನ್ನು ಕೀಳೆಂದು ಬಗೆಯುವುದುಂಟು. ಆದರೆ ಹಾರ್ಮೋನಿಯಂ ಬಲ್ಲ, ಹಾಡು ಕಟ್ಟಬಲ್ಲ, ಇಪ್ಪತ್ತು ಮಂದಿ ರೈತರಿಂದ ಎರಡು ತಿಂಗಳಲ್ಲಿ ಒಂದು ನಾಟಕವನ್ನು ತೆಗೆಯಬಲ್ಲ ಮಾಸ್ತರನಿಗೆ ಈ ಸೀಮೆಯ ಹಳ್ಳಿಗಳಲ್ಲಿ ಇಂದಿಗೂ ಕೆಲಸವಿದೆ.

ಇವುಗಳಲ್ಲಿ ಒಂದೇ ಒಂದನ್ನು ಹಿಡಿದು ವರ್ಷಪೂರ್ತಿ ನಡೆಸಬಲ್ಲವರು ಅಪರೂಪ. ಅಂಕಸಮುದ್ರದ ಹಕ್ಕಿಗೆ ಎರಡು ಕೆರೆಗಳು ಬೇಕಾಗುವಂತೆ ಕಲಾವಿದನಿಗೆ ಎರಡು ಋತುಗಳ ಆದಾಯ ಬೇಕು. ಜಾತ್ರೆಯ ಕಾಲಕ್ಕೆ ರಂಗ, ಮಳೆಗಾಲಕ್ಕೆ ಪಾಠ. ಇಂಥ ಏರ್ಪಾಡನ್ನು ಇಪ್ಪತ್ತನೆಯ ವಯಸ್ಸಿನಲ್ಲಿ ಮಾಡಿಕೊಳ್ಳದೆ ಹೋದವರ ಸ್ಥಿತಿಯನ್ನು ನೋಡಬೇಕಾದರೆ ದೂರ ಹೋಗಬೇಕಾಗಿಲ್ಲ. ಐವತ್ತೆಂಟು ದಾಟಿದ ಮೇಲೆ ಸರ್ಕಾರದ ಮಾಸಾಶನಕ್ಕೆ ಅರ್ಜಿ ಹಿಡಿದು ಅಲೆಯುವ ಹಿರಿಯ ನಟರು ಎಲ್ಲ ತಾಲ್ಲೂಕುಗಳಲ್ಲಿಯೂ ಇದ್ದಾರೆ. ಒಂದು ಕಾಲಕ್ಕೆ ಅವರ ಕಂಠಕ್ಕೆ ಊರು ನಿದ್ದೆಗೆಟ್ಟು ಕಿವಿಗೊಟ್ಟಿತ್ತು.

ಹಾಗಾದರೆ ಮಗನಿಗೆ, ಮಗಳಿಗೆ ಏನು ಹೇಳುವುದು? ಬೇಡವೆಂದು ತಡೆದರೆ ಆಸೆ ಸಾಯುವುದಿಲ್ಲ. ನಲವತ್ತನೆಯ ವರ್ಷದಲ್ಲಿ ಅದು ಹಣ ಕೊಟ್ಟು ದುರ್ಯೋಧನನಾಗುತ್ತದೆ. ಅದರಲ್ಲಿಯೂ ಸುಖವಿಲ್ಲವೆಂದಲ್ಲ, ಈ ಸೀಮೆಯ ನಾಟಕಗಳು ಬದುಕಿರುವುದೇ ಅಂಥವರ ಔದಾರ್ಯದಿಂದ. ಆದರೆ ಕಲೆಯಿಂದಲೇ ಬಾಳಬೇಕೆನ್ನುವ ಮಕ್ಕಳಿಗೆ ತಾಯ್ತಂದೆಗಳು ಒಂದು ನಿಬಂಧನೆಯನ್ನು ಹಾಕಬಹುದು: “ಕಲಿ, ಆದರೆ ನೀನಿಲ್ಲದೆ ಆಟ ನಿಲ್ಲುವಂಥ ಒಂದು ವಿದ್ಯೆಯನ್ನು ಪೂರ್ತಿ ಕಲಿ. ಅದಕ್ಕೆ ಒಂದು ಪ್ರಮಾಣಪತ್ರವನ್ನೂ ಸಂಪಾದಿಸು.” ಪ್ರಮಾಣಪತ್ರದಿಂದ ಕಚೇರಿಯ ಬಾಗಿಲು ತೆರೆಯುತ್ತದೆ, ವಿದ್ಯೆಯಿಂದ ಊರಿನ ಬಾಗಿಲು ತೆರೆಯುತ್ತದೆ. ಎರಡೂ ತೆರೆದಿದ್ದರೆ ಮಗನು ಮಳೆಗಾಲದಲ್ಲಿ ಉಪವಾಸ ಬೀಳಲಾರ. ಮಗಳು ಸಂಶಯದ ನೋಟಕ್ಕೆ ತಲೆ ತಗ್ಗಿಸಬೇಕಾಗಿಯೂ ಇಲ್ಲ.

ಐದು ತಾಲ್ಲೂಕುಗಳ ಬಯಲಿನಲ್ಲಿ ಮುಂದಿನ ಸುಗ್ಗಿಗೂ ಪರದೆಗಳು ಏಳುತ್ತವೆ. ನಾಟ್ಯಸಂಘದವರು ಹಿಂದಿನಂತೆಯೇ ಒಳ್ಳೆಯ ಮಾಸ್ತರರನ್ನು ಹುಡುಕಿಕೊಂಡು ಊರೂರು ತಿರುಗುತ್ತಾರೆ.